ದೀಪ ಬಂತು, ದುಡಿಮೆಗೆ ವಿದ್ಯುತ್ತು ಬಂತೇ?

ಕುಂದಾಪುರದಿಂದ ಬೈಂದೂರಿನತ್ತ ಹೆದ್ದಾರಿಯಲ್ಲಿ ಸಾಗುವವರಿಗೆ ಮರವಂತೆ, ನಾವುಂದಗಳು ಕಳೆದ ಬಳಿಕ ಕಿರಿಮಂಜೇಶ್ವರ ಎದುರಾಗುತ್ತದೆ. ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದು ಮಗ್ಗುಲಲ್ಲಿ ಗದ್ದೆ, ತೆಂಗಿನ ತೋಟ. ಇಂದು ರಾತ್ರಿ ಆ ದಾರಿಯಲ್ಲಿ ಹೋದರೆ ತೋಟಗಳ ನಡುವೆ ದೀಪಗಳು ಕಾಣುತ್ತವೆ. ಆದರೆ ನಮ್ಮ ಮನೆಗಳ ಹಿರಿಯರು ಚಿಮಣಿ ದೀಪದ ಕಾಲವನ್ನು ಮರೆತಿಲ್ಲ. ಸಂಜೆಯ ಜಪಸರ ಮುಗಿಯುತ್ತಲೇ ತಾಯಿ ಬತ್ತಿಯನ್ನು ತಗ್ಗಿಸುತ್ತಿದ್ದಳು. ರೇಷನ್ ಅಂಗಡಿಯ ಸೀಮೆಎಣ್ಣೆ ತಿಂಗಳ ಕೊನೆಯವರೆಗೆ ಬರಬೇಕಿತ್ತಲ್ಲವೇ? ಮಕ್ಕಳ ಓದು ಅಲ್ಲಿಗೇ ನಿಲ್ಲುತ್ತಿತ್ತು.

ನಮ್ಮ ನಾಡಿಗೆ ವಿದ್ಯುತ್ತು ಹೊಸದೇನಲ್ಲ. ಶಿವನಸಮುದ್ರದಲ್ಲಿ 1902ರಲ್ಲೇ ಅದು ಉತ್ಪಾದನೆಯಾಗಿ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಗಣಿಗೆ ಮೊದಲು, ಗುಡಿಸಲಿಗೆ ಬಹಳ ತಡವಾಗಿ. ನಮ್ಮ ಹತ್ತಿರದ ಹೊಸಂಗಡಿಯಲ್ಲಿಯೂ ಭೂಗರ್ಭದಲ್ಲಿ ವಾರಾಹಿ ವಿದ್ಯುದಾಗಾರವಿದೆ. ಮೊದಲ ಎರಡು ಘಟಕಗಳು 1989-90ರ ಸುಮಾರಿಗೆ ಆರಂಭವಾದವು; 2009ರಲ್ಲಿ ಇನ್ನೆರಡು ಸೇರಿ ಒಟ್ಟು ಸಾಮರ್ಥ್ಯ 460 ಮೆಗಾವಾಟ್ ಆಯಿತು. ಆದರೆ ಹತ್ತಿರದಲ್ಲಿ ಉತ್ಪಾದನೆಯಾದ ಮಾತ್ರಕ್ಕೆ ಬಡವನ ಮನೆಗೆ ವಿದ್ಯುತ್ತು ತಾನಾಗಿ ಇಳಿದು ಬರುವುದಿಲ್ಲ. ಕಂಬ, ತಂತಿ, ಮೀಟರು ಎಲ್ಲಕ್ಕೂ ಹಣ ಬೇಕು.

ಈ ಕೊರತೆಯನ್ನು ನೀಗಿಸಲೆಂದೇ ಬಡ ಮನೆಗೆ ಒಂದು ಬಲ್ಬು ಕೊಡುವ ಭಾಗ್ಯಜ್ಯೋತಿ ಯೋಜನೆ ಬಂತು, ಅನಂತರ ಕುಟೀರಜ್ಯೋತಿ. ಇವುಗಳ ಉಪಕಾರವನ್ನು ಅಲ್ಲಗಳೆಯುವವರು ನಾವಲ್ಲ. ಆದರೆ ಬಹಳ ಕಾಲ ಇದ್ದ ತಿಂಗಳಿಗೆ 18 ಯೂನಿಟ್‌ಗಳ ಉಚಿತ ಮಿತಿಯನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ನಲವತ್ತು ವಾಟಿನ ಬಲ್ಬು ದಿನಕ್ಕೆ ಹತ್ತು ಗಂಟೆ ಉರಿದರೆ 12 ಯೂನಿಟ್. ಅರ್ಧ ಅಶ್ವಶಕ್ತಿಯ ಪಂಪು ದಿನಕ್ಕೆ ಎರಡೇ ಗಂಟೆ ನಡೆದರೂ 22 ಯೂನಿಟ್ ಮೀರುತ್ತದೆ. ಅಂದರೆ ಕತ್ತಲೆ ಕಳೆಯಲು ಅವಕಾಶವಿತ್ತು, ಹತ್ತು ಬಸಳೆ ಚಪ್ಪರಕ್ಕೆ ನೀರೆತ್ತಿ ನಾಲ್ಕು ಕಾಸು ಕಾಣಲು ಅವಕಾಶವಿರಲಿಲ್ಲ. ಮಿತಿ ಮೀರಿದರೆ ಬಿಲ್ಲು, ಬಿಲ್ಲು ಕಟ್ಟದಿದ್ದರೆ ಬಾಕಿ, ಕೊನೆಗೆ ಸಂಪರ್ಕ ಕಡಿತ. 2017ರ ಸುಮಾರಿಗೆ ಮಿತಿ 40 ಯೂನಿಟ್‌ಗೆ ಏರಿತು. 2023ರಲ್ಲಿ ಬಂದ ಗೃಹಜ್ಯೋತಿಯ ಗರಿಷ್ಠ ಮಿತಿ 200 ಯೂನಿಟ್. ಹೊರೆ ಇಳಿದದ್ದು ನಿಜ. ಆದರೆ ಪಂಪು, ಹೊಲಿಗೆ ಯಂತ್ರದ ಮೋಟಾರು ಕೊಳ್ಳುವ ಹಣ ಎಲ್ಲಿಂದ ಬರಬೇಕು?

ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ನಮ್ಮವರೇ ಒಬ್ಬರಿದ್ದಾರೆ. ಕೋಟ ಸಮೀಪದ ಹಂದಟ್ಟಿನಲ್ಲಿ ಹುಟ್ಟಿ, ಒಡಿಶಾದ ರೂರ್ಕೆಲಾದಲ್ಲಿ ಬೆಳೆದ ಹರೀಶ್ ಹಂದೆಯವರು 1995ರಲ್ಲಿ ಜೊತೆಗಾರರೊಡನೆ ಸೆಲ್ಕೋ ಸಂಸ್ಥೆಯನ್ನು ಆರಂಭಿಸಿ, ತಂತಿ ತಲಪದ ಮನೆಗಳಿಗೆ ಸೌರದೀಪ ಒದಗಿಸತೊಡಗಿದರು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಮಗೆ ಪ್ರಶಸ್ತಿಗಿಂತ ಹೆಚ್ಚು ಹಿಡಿಸಿದ್ದು ಅವರು ಬೀದಿ ವ್ಯಾಪಾರಿಯೊಬ್ಬಳಿಂದ ಕಲಿತೆನೆಂದು ಹೇಳುವ ಪಾಠ: ತಿಂಗಳಿಗೆ 300 ರೂಪಾಯಿ ಅವಳಿಗೆ ದೊಡ್ಡ ಹೊರೆ, ದಿನಕ್ಕೆ 10 ರೂಪಾಯಿ ಹೊರೆಯಲ್ಲ. ಲೆಕ್ಕ ಒಂದೇ, ಆದರೆ ದಿನಗೂಲಿಯವರ ಕೈಗೆ ಹಣ ಬರುವ ರೀತಿ ಬೇರೆ.

ಉಡುಪಿಯವರಿಗೆ ಈ ಪಾಠ ಹೊಸದೆನಿಸದು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲೇ ಪಿಗ್ಮಿ ಠೇವಣಿಯನ್ನು ತಂದಿತ್ತು. ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುವ ಏರ್ಪಾಡು ಅದು. ಸೌರದೀಪಕ್ಕೆ ಆರಂಭದಲ್ಲಿ ಸಾಲ ಕೊಟ್ಟವರಲ್ಲಿ ಅದೇ ಸಿಂಡಿಕೇಟ್ ಬ್ಯಾಂಕು ಮತ್ತು ಅದರ ಪ್ರಾಯೋಜಿತ ಮಲಪ್ರಭಾ ಗ್ರಾಮೀಣ ಬ್ಯಾಂಕು ಇದ್ದುದು ಆಕಸ್ಮಿಕವಲ್ಲವೆಂದು ನಮಗೆ ತೋರುತ್ತದೆ. (2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಹೆಸರು ಹೋದರೂ ಪಿಗ್ಮಿ ಎಂಬ ಮಾತು ನಮ್ಮ ಊರುಗಳಲ್ಲಿ ಉಳಿದಿದೆ.)

ಬೆಳಕು ದುಡಿಮೆಯಾಗುವುದನ್ನು ಕಾಣಬೇಕಾದರೆ ಜಿಲ್ಲೆಯ ದಕ್ಷಿಣದಲ್ಲಿರುವ ಶಂಕರಪುರದ ಮಲ್ಲಿಗೆ ತೋಟಗಳನ್ನು ನೆನೆಯಬೇಕು. ನಮ್ಮ ಅನೇಕ ಕುಟುಂಬಗಳ ಅನ್ನ ಅದೇ. ನಸುಕಿನಲ್ಲೇ ಮೊಗ್ಗು ಕೊಯ್ದು, ಕಟ್ಟಿ, ಹೊತ್ತಿಗೆ ಸರಿಯಾಗಿ ಕಟ್ಟೆಗೆ ಮುಟ್ಟಿಸಬೇಕು; ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ತಡವಾದ ಹೂವಿಗೆ ಬೆಲೆಯಿಲ್ಲ. ಅಲ್ಲಿ ಬಾವಿಯ ಪಂಪು, ಜಗಲಿಯ ದೀಪ ಇವೆರಡೂ ನೇರವಾಗಿ ಗಳಿಕೆಗೆ ಸೇರಿದವು. ಕಿರಿಮಂಜೇಶ್ವರದ ಮಗ್ಗುಲ ಕಡಲತೀರದಲ್ಲಿ ಮೀನಿಗೂ ಇದೇ ಮಾತು ಸಲ್ಲುತ್ತದೆ. ಮಂಜುಗಡ್ಡೆಗೆ ವಿದ್ಯುತ್ತು ಬೇಕು. ಮಂಜುಗಡ್ಡೆಯಿಲ್ಲದ ಬುಟ್ಟಿಯ ಮೀನನ್ನು ಮಧ್ಯಾಹ್ನದ ಮೇಲೆ ಕೇಳಿದ ಬೆಲೆಗೆ ಕೊಟ್ಟು ಮನೆಗೆ ಮರಳಬೇಕಾಗುತ್ತದೆ.

ನಮ್ಮ ವಾರ್ಡುಗಳಲ್ಲಿ, ಸ್ವಸಹಾಯ ಸಂಘಗಳಲ್ಲಿ ಸಾಲದ ಅರ್ಜಿಗಳು ಬಂದಾಗ ಮದುವೆಗೆಷ್ಟು, ಮನೆ ರಿಪೇರಿಗೆಷ್ಟು ಎಂದು ಕೇಳುತ್ತೇವೆ. ನಿಮ್ಮ ಮನೆಯ ತಂತಿಗೆ ಯಾವ ಕೆಲಸ ಕಟ್ಟಬಹುದು, ಅದರ ಕಂತನ್ನು ದಿನಕ್ಕೆಷ್ಟು ಕಟ್ಟಬಲ್ಲಿರಿ ಎಂದು ಮುಂದಿನ ಸಭೆಯಲ್ಲಿ ಕೇಳಿ ನೋಡಬಹುದಲ್ಲ?