ಸಣ್ಣ ಪಣ

ಕುಮಾರವ್ಯಾಸನ ಸಭಾಪರ್ವದಲ್ಲಿ ದ್ಯೂತಪ್ರಸಂಗ ಬಂದೊಡನೆ ತರಗತಿಯ ಹುಡುಗರ ಕಣ್ಣು ಅರಳುವುದು ನಮ್ಮ ವೃತ್ತಿಯವರಿಗೆಲ್ಲ ತಿಳಿದ ಸಂಗತಿಯೇ. ರಾಜ್ಯವನ್ನೂ ತಮ್ಮಂದಿರನ್ನೂ ಮಡದಿಯನ್ನೂ ಪಣಕ್ಕೊಡ್ಡಿದ ಧರ್ಮರಾಯನು ಮೂರ್ಖನೆಂದು ತೀರ್ಪು ಕೊಡಲು ಅವರಿಗೆ ಅರೆಗಳಿಗೆಯೂ ಬೇಕಾಗುವುದಿಲ್ಲ. ೨೦೨೪ರಲ್ಲಿ, ಹಂಸಭಾವಿಯ ಸುತ್ತಲಿನ ಹೊಲಗಳಲ್ಲಿ ಗೋವಿನಜೋಳದ ಸುಗ್ಗಿ ನಡೆದಿದ್ದಾಗ, ಈ ಪಾಠವನ್ನು ಮುಗಿಸಿ ಹೊರಬಂದೆ. ವಿದ್ಯಾರ್ಥಿಯೊಬ್ಬನು ಹಿಂದೆಯೇ ಬಂದು ಮೆಲ್ಲನೆ ಕೇಳಿದನು:

“ಧರ್ಮರಾಯ ರಾಜ್ಯಾನ ಹಚ್ಚಿದ್ದರೀ ಸರ್. ನಾವು ಹಚ್ಚೋದು ಬರೇ ಇನ್ನೂರು ರೂಪಾಯಿ. ಅದರಾಗ ಮನಿ ಮುಳಗತೈತೇನ್ರೀ?”

ಅವನು ಹೇಳಿದ್ದು ಪೋಕರ್ ಎಂಬ ಇಸ್ಪೀಟಾಟ. ಮೊಬೈಲಿನ ಪರದೆಯ ಮೇಲೆ, ಮುಖ ಕಾಣದವರೊಡನೆ ಆಡುವಂಥದು. ಕೈಯಲ್ಲಿ ಹೆಚ್ಚು ಹಣವಿಲ್ಲದ ಹೊಸಬರಿಗಾಗಿ ಅಲ್ಲಿ ಒಂದು ರೂಪಾಯಿ, ಎರಡು ರೂಪಾಯಿ ಪಣದ ಮೇಜುಗಳಿದ್ದವು. ಇನ್ನೂರು ರೂಪಾಯಿ ಇಟ್ಟರೆ ಕುಳಿತುಕೊಳ್ಳಬಹುದಿತ್ತು.

ನಾನು ಕೂಡಲೆ ಉತ್ತರ ಕೊಡಲಿಲ್ಲ. ಏಕೆಂದರೆ ಅಂಥದೇ ಮೇಜಿಗೆ ನಾನೂ ಒಮ್ಮೆ ಕುಳಿತವನು. ಇಂಥ ಆಟಗಳನ್ನು ನಿಷೇಧಿಸಿ ೨೦೨೧ರಲ್ಲಿ ನಮ್ಮ ರಾಜ್ಯವು ಮಾಡಿದ ತಿದ್ದುಪಡಿಯನ್ನು ಉಚ್ಚ ನ್ಯಾಯಾಲಯವು ೨೦೨೨ರ ಫೆಬ್ರವರಿಯಲ್ಲಿ ರದ್ದುಪಡಿಸಿತು. ಜಾಣ್ಮೆಯ ಆಟ ಬೇರೆ, ಅದೃಷ್ಟದ ಜೂಜು ಬೇರೆ ಎಂಬ ವಾದವು ಎಂ.ಎ. ಓದಿದ ನನ್ನ ಕಿವಿಗೆ ಬಹಳ ಹಿತವಾಗಿಯೇ ಕೇಳಿಸಿತ್ತು.

ಪೋಕರಿನಲ್ಲಿ ಜಾಣ್ಮೆಗೆ ಎಡೆಯಿರುವುದು ನಿಜ. ಆದರೆ ಹೊಸಬನಲ್ಲಿ ಇಲ್ಲದಿರುವುದು ಅದೊಂದೇ. ಇನ್ನೂರರ ಮೇಜಿಗೆ ಕೂಡುವವನ ಗಂಟಿನಲ್ಲಿ ಅಂಥ ಇಪ್ಪತ್ತು ಮೂವತ್ತು ಇನ್ನೂರುಗಳು, ಎಂದರೆ ನಾಲ್ಕರಿಂದ ಆರು ಸಾವಿರ, ಇರಬೇಕೆಂದು ಅನುಭವಿಗಳ ಬುದ್ಧಿವಾದ. ಇನ್ನೂರೇ ಉಳ್ಳವನಿಗೆ ಆ ಮೇಜು ಸಣ್ಣದಲ್ಲವೆಂದು ಇದರಲ್ಲಿಯೇ ತಿಳಿಯಬೇಕು.

ಇನ್ನೊಂದು ಲೆಕ್ಕವುಂಟು. ಆರು ಜನ ಇನ್ನೂರಿನ್ನೂರು ಇಟ್ಟು ಕುಳಿತರೆನ್ನಿ. ಮೇಜಿನ ಮೇಲೆ ಸಾವಿರದ ಇನ್ನೂರು. ಪ್ರತಿ ಆಟದಲ್ಲೂ ಸುಮಾರು ಇಪ್ಪತ್ತು ರೂಪಾಯಿ ಕೂಡಿತೆನ್ನಿ. ನಡೆಸುವವನು ನೂರಕ್ಕೆ ಐದರಂತೆ ಒಂದು ರೂಪಾಯಿ ಮುರಿದುಕೊಳ್ಳುತ್ತಾನೆ. ಗಂಟೆಗೆ ಅರವತ್ತು ಆಟವಾದರೆ ಅರವತ್ತು ರೂಪಾಯಿ. ಆರು ಮಂದಿಯೂ ಸಮಬಲರಾಗಿದ್ದರೆ ಇಪ್ಪತ್ತು ಗಂಟೆಗಳಲ್ಲಿ ಎಲ್ಲರ ಹಣವೂ ಅವನ ಪೆಟ್ಟಿಗೆಯಲ್ಲಿ! ಇದಲ್ಲದೆ ೨೦೨೩ರಿಂದ ಗೆದ್ದ ನಿವ್ವಳ ಹಣದಲ್ಲಿ ನೂರಕ್ಕೆ ಮೂವತ್ತು ಆದಾಯ ತೆರಿಗೆಗೆಂದು ಕಡಿತವಾಗುತ್ತಿತ್ತು.

ನನ್ನ ಟಿಪ್ಪಣಿ ಪುಸ್ತಕದ ಕೊನೆಯ ಪುಟದಲ್ಲಿ ನಾಲ್ಕು ತಿಂಗಳ ಲೆಕ್ಕವಿದೆ: ಮೂವತ್ತೊಂದು ಸಲ ಕುಳಿತದ್ದು, ೬,೨೦೦ ರೂಪಾಯಿ, ಹಿಂದಿರುಗಿದ್ದು ೧,೪೦೦. ಈ ನಷ್ಟದಿಂದ ಮನೆಯೇನೂ ಮುಳುಗಲಿಲ್ಲ. ಆದರೆ ಒಂದು ರಾತ್ರಿ ಮಗಳು ಪದ್ಯದ ಅರ್ಥ ಕೇಳಲು ಬಂದವಳು, ಪರದೆಯಿಂದ ಏಳದ ನನ್ನ ಮುಖವನ್ನು ನೋಡಿ, ಪುಸ್ತಕ ಮುಚ್ಚಿಕೊಂಡು ಹೋದಳು. ಆ ಪುಟದಲ್ಲಿ ಅದನ್ನು ಬರೆಯಲು ಕಲಮಿಲ್ಲ.

ಯಾರಿಗೂ ಹೇಳದ ಈ ಸಂಗತಿಯನ್ನು ಆ ಹುಡುಗನಿಗೆ ಹೇಳಿದೆ. ವ್ಯಾಸಭಾರತದಲ್ಲಿ ಧರ್ಮರಾಯನು ಮೊದಲು ಒಡ್ಡಿದ್ದು ರಾಜ್ಯವನ್ನಲ್ಲ, ಒಂದು ಮಣಿಹಾರವನ್ನು ಎಂಬುದನ್ನೂ ನೆನಪಿಸಿದೆ. ಚಕ್ರವರ್ತಿಯ ಭಂಡಾರಕ್ಕೆ ಅದು ನಮ್ಮ ಇನ್ನೂರಕ್ಕಿಂತ ದೊಡ್ಡದೇನಲ್ಲ. ದೊಡ್ಡ ಪಣಕ್ಕೆ ಮನುಷ್ಯ ಅಂಜುತ್ತಾನೆ, ಸಣ್ಣದಕ್ಕೆ ಅಂಜುವುದಿಲ್ಲ. ಬಾಗಿಲು ತೆರೆಯುವುದು ಅಲ್ಲಿಯೇ.

೨೦೨೫ರ ಆಗಸ್ಟಿನಲ್ಲಿ ಸಂಸತ್ತು, ಜಾಣ್ಮೆ ಅದೃಷ್ಟಗಳ ಭೇದವೆಣಿಸದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ನಡೆಸುವವನಿಗೆ ಮೂರು ವರ್ಷಗಳವರೆಗೆ ಸೆರೆ, ಒಂದು ಕೋಟಿಯವರೆಗೆ ದಂಡ; ಆಡುವವನಿಗೆ ಶಿಕ್ಷೆಯಿಲ್ಲ. ದೇಶದ ದೊಡ್ಡ ಸಂಸ್ಥೆಗಳು ಹಣದ ಮೇಜುಗಳನ್ನು ಮುಚ್ಚಿದವು. ಆದರೆ ಮನಸ್ಸಿನೊಳಗಿನ ಮೇಜನ್ನು ಮುಚ್ಚುವ ಕಾಯಿದೆ ಯಾವ ಸಂಸತ್ತಿನಿಂದಲೂ ಬರಲಾರದಷ್ಟೆ.

ಹಾಗಾದರೆ ಎಲೆಗಳನ್ನೇ ಮುಟ್ಟಬಾರದೆ? ಹಾಗೆ ಹೇಳಲಾರೆ. ನಮ್ಮ ಬಾಲ್ಯದಲ್ಲಿ ದೀಪಾವಳಿಯ ರಾತ್ರಿ ಅಪ್ಪ ಪಡಸಾಲೆಯಲ್ಲಿ ಕಂಬಳಿ ಹಾಸಿ, ಡಬ್ಬಿಯಿಂದ ಹುಣಸೆಬೀಜಗಳನ್ನು ಸುರಿದು, ಒಬ್ಬೊಬ್ಬರಿಗೆ ನೂರು ಎಣಿಸಿ ಕೊಡುತ್ತಿದ್ದರು. ಕೈಗೆ ಬಂದ ಎರಡು ಎಲೆ ಜೋಡಿಯಾಗುವುದು ಹದಿನೇಳರಲ್ಲಿ ಒಂದು ಸಲ. ಐವತ್ತೆರಡರಲ್ಲಿ ಐದು ಎಲೆ ಕೂಡುವ ಬಗೆಗಳು ೨೫,೯೮,೯೬೦. ಈ ಗಣಿತವನ್ನೂ, ಎದುರಾಳಿಯ ಮೌನವನ್ನು ಓದುವ ಕಲೆಯನ್ನೂ ಕಲಿಯಲು ಹುಣಸೆಬೀಜವೇ ಸಾಕು. ಹೊಸಬನಿಗೆ, ಅದರಲ್ಲೂ ಬಡವನ ಮಗನಿಗೆ, ಅದಕ್ಕಿಂತ ಅಗ್ಗದ ಮೇಜನ್ನು ನಾನರಿಯೆ.

ಬೀಜ ತೀರಿದವನು ನಗುತ್ತ ಮಲಗಲು ಹೋಗುತ್ತಿದ್ದನು. ಬೆಳಗಾದರೆ ಗೆದ್ದವನ ಬೀಜವೂ ಸೋತವನ ಬೀಜವೂ ಮತ್ತೆ ಅದೇ ಡಬ್ಬಿಯಲ್ಲಿ ಇರುತ್ತಿದ್ದವು.