ಟೈಲ್ಸಿಗಿಂತ ಮೊದಲು ಬಚ್ಚಲ ಗೋಡೆ

ವಿಜಯಪುರ ಜಿಲ್ಲೆಯ ಹೂವಿನ ಹಿಪ್ಪರಗಿಯ ಸುತ್ತಿನ ಹಳೆಯ ಮನೆಗಳಲ್ಲಿ ಬಚ್ಚಲಕ್ಕೆಂದು ಬೇರೆ ಕೋಣೆ ಇರುತ್ತಿದ್ದುದು ಅಪರೂಪ. ಅಡುಗೆಮನೆಯ ಮೂಲೆಗೆ ಒಂದು ಫರಸಿ ಹಾಸಿ, ಸುತ್ತ ಸಣ್ಣ ಕಟ್ಟೆ ಕಟ್ಟಿ, ಗೋಡೆಗೊಂದು ತೂತು ಬಿಟ್ಟರೆ ಮುಗಿಯಿತು. ನೀರು ಹಿತ್ತಲಿಗೆ ಹೋಗುತ್ತಿತ್ತು. ಕೊಡ ಎಣಿಸಿ ನೀರು ಬಳಸುತ್ತಿದ್ದ ಕಾಲ ಅದು. ಗೋಡೆಗೆ ಸಿಡಿಯುತ್ತಿದ್ದ ಹನಿ ಮಧ್ಯಾಹ್ನದೊಳಗೆ ಆರುತ್ತಿತ್ತು. ಈಗ ಅದೇ ಗೋಡೆಯೆದುರು ಷವರ್, ಗೀಸರ್, ಸದಾ ಮುಚ್ಚಿದ ಬಾಗಿಲು, ಮೇಲೆ ಗುಜರಾತಿನ ಮೋರ್ಬಿಯಿಂದ ಲಾರಿಯಲ್ಲಿ ಬಂದ ಹೊಳೆಯುವ ಟೈಲ್ಸು. ಟೈಲ್ಸು ಕಳಚಿ ಬಿದ್ದಾಗ ಜನ ಅಂಗಡಿಯವರನ್ನೋ ಸಿಮೆಂಟನ್ನೋ ಬೈಯುತ್ತಾರೆ. ಬೈಯಬೇಕಾದದ್ದು ಹಿಂದಿನ ಗೋಡೆಯನ್ನು. ಅಷ್ಟು ನೀರು ತಾಳಲೆಂದು ಅದನ್ನು ಯಾರೂ ಕಟ್ಟಿರಲಿಲ್ಲ.

ಹಾಗಾಗಿ ಹೊಸದಾಗಿ ಈ ಕೆಲಸಕ್ಕೆ ಕೈ ಹಾಕುವವರು ಟೈಲ್ಸಿನ ಬಣ್ಣ ಆರಿಸುವ ಮೊದಲು ತಮ್ಮದು ಎಂಥ ಗೋಡೆ ಎಂದು ತಿಳಿಯಬೇಕು. ಯಾರಿಗೂ ಕಾಣದ ಒಂದು ಮೂಲೆಯಲ್ಲಿ ಅಂಗೈಯಗಲ ಗಿಲಾವು ಕೆದರಿ ನೋಡಿ. ಇಟ್ಟಿಗೆಯೋ ಸಿಮೆಂಟ್ ಬ್ಲಾಕೋ ಕಂಡರೆ ಕೆಲಸ ಹಗುರ. ಕಪ್ಪು ಕಲ್ಲು, ನಡುವೆ ಉಗುರಿಗೇ ಉದುರುವ ಕೆಸರು ಕಂಡರೆ ಎಚ್ಚರ. ವಿಜಯಪುರದ ಗೋಲಗುಮ್ಮಟದಲ್ಲೂ ಇದೇ ಜಾತಿಯ ಕಪ್ಪು ಕಲ್ಲಿದೆ. 1656ರಲ್ಲಿ ಮುಗಿದ ಆ ಕಟ್ಟಡವನ್ನು ಹಿಡಿದಿರುವುದು ಸುಣ್ಣದ ಗಾರೆ. ನಮ್ಮ ಮನೆಗಳ ಕಲ್ಲನ್ನು ಹಿಡಿದಿರುವುದು ಮಣ್ಣು. ಮಣ್ಣು ನೆನೆದರೆ ಹಿಡಿತ ಬಿಡುತ್ತದೆ.

ಕೆಸರಿನ ಗೋಡೆಗೆ ನೇರವಾಗಿ ಸಿಮೆಂಟ್ ಬಡಿದು ಟೈಲ್ಸ್ ಅಂಟಿಸುವುದು ನಮ್ಮ ಕಡೆ ದಿನಾ ನಡೆಯುವ ತಪ್ಪು. ಬುನಾದಿಯಿಂದ ಏರುವ ತೇವ ಮೊದಲು ಗೋಡೆಯ ಮೈಯಿಂದಲೇ ಆರಿಹೋಗುತ್ತಿತ್ತು. ಟೈಲ್ಸ್ ಮುಚ್ಚಿದ ಮೇಲೆ ಅದು ಇನ್ನೂ ಮೇಲಕ್ಕೇರಿ ಪಕ್ಕದ ಕೋಣೆಯಲ್ಲಿ ಕಲೆಯಾಗಿ ಕಾಣಿಸಿಕೊಳ್ಳುತ್ತದೆ. ಮನೆಯ ಕೆಳಗಿನ ಎರೆಭೂಮಿಯೂ ಸುಮ್ಮನಿರುವುದಿಲ್ಲ: ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುತ್ತದೆ, ಗೋಡೆಯನ್ನೂ ಜೊತೆಗೆ ಅಲುಗಿಸುತ್ತದೆ. ಇಂಥ ಕಡೆ ಗೋಡೆಗೆ ತಾಗದಂತೆ ಲೋಹದ ಚೌಕಟ್ಟು ನಿಲ್ಲಿಸಿ ಸಿಮೆಂಟ್ ಬೋರ್ಡ್ ಕೂರಿಸುವುದು, ಇಲ್ಲವೇ ಒಳಗೆ 4 ಇಂಚಿನ ಇಟ್ಟಿಗೆ ಗೋಡೆ ಎಬ್ಬಿಸುವುದು ಮೇಲು. ಎರಡೂ ಹೊಸಬರ ಕೆಲಸವಲ್ಲ, ಗೌಂಡಿಯನ್ನು ಕರೆಯಿರಿ. ಅನುಭವಿ ಗೌಂಡಿ ಬಂದರೆ ಮೊದಲು ಗೋಡೆ ಬಡಿದು, "ಯಜಮಾನ್ರ, ಇದು ಕೆಸರಿನ ಗೋಡಿ ಐತ್ರಿ, ಹಾರಿ ಹಾಕೂದು ಬ್ಯಾಡ" ಅನ್ನುತ್ತಾನೆ. ನೋಡಿದ ತಕ್ಷಣ ಹಾರಿ ಎತ್ತುವವನನ್ನು ಚಹಾ ಕುಡಿಸಿ ಕಳಿಸಿಬಿಡಿ.

ಇಟ್ಟಿಗೆ ಗೋಡೆಯಾದರೆ ಮುಂದುವರಿಯಬಹುದು. ನಲ್ಲಿ ಬಂದ್ ಮಾಡಿ, ಗೀಸರಿನ ಲೈನಿನ ಕರೆಂಟನ್ನು ಮೇನ್‌ನಲ್ಲೇ ತೆಗೆದು, ಸುತ್ತಿಗೆಯ ಹಿಡಿಯಿಂದ ಗೋಡೆಯನ್ನು ಗೇಣಿಗೊಂದರಂತೆ ತಟ್ಟುತ್ತ ಬನ್ನಿ. ಗಟ್ಟಿ ಸದ್ದು ಬಂದರೆ ಗಿಲಾವು ಹಿಡಿದಿದೆ. ಟೊಳ್ಳು ಸದ್ದು ಬಂದಲ್ಲಿ ಚಾಕ್‌ಪೀಸಿನಿಂದ ಗುರುತು ಹಾಕಿ. ಗುರುತಿನೊಳಗಿನದೆಲ್ಲ ಇಟ್ಟಿಗೆ ಕಾಣುವವರೆಗೆ ಬರಬೇಕು. ಅರ್ಧದಷ್ಟು ಗೋಡೆ ಟೊಳ್ಳಾಗಿದ್ದರೆ ತೇಪೆಯ ಆಸೆ ಬಿಟ್ಟು ಪೂರ್ತಿ ಕೆದರಿಸುವುದೇ ಲೇಸು.

ಗಟ್ಟಿಯಿದ್ದಲ್ಲಿ ಎಣ್ಣೆಬಣ್ಣ ಬಳಿದಿದ್ದರೆ ಅದರ ಮೇಲೆ ಏನೂ ನಿಲ್ಲದು. ಎಣ್ಣೆ ಸವರಿದ ಹಂಚಿಗೆ ಹಿಟ್ಟು ಹತ್ತೀತೇ? ಬಣ್ಣ ಹೆರೆದು, ಚಾಣದಿಂದ ಒತ್ತೊತ್ತಾಗಿ ಕಚ್ಚು ಹೊಡೆಯಬೇಕು. ಸುಣ್ಣ ಬಳಿದ ಗೋಡೆಗೂ ಇದೇ ಮಾತು, ಪದರಗಳನ್ನೆಲ್ಲ ಉಜ್ಜಿ ತೆಗೆಯಬೇಕು. ಆಗ ಏಳುವ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಗೋಡೆಗೆ ತುಸು ನೀರು ಚಿಮುಕಿಸಿ, ಬಾಯಿಗೆ ಸರಿಯಾದ ಮಾಸ್ಕ್ ಕಟ್ಟಿ. ಹೆಗಲ ಮೇಲಿನ ಟವೆಲ್ ಸಾಲದು.

ಇನ್ನು ಉಪ್ಪು. ಡೋಣಿ ನದಿಯ ಸವಳು ನೀರಿನ ಸೀಮೆ ಇದು, ಎಷ್ಟೋ ಬೋರ್‌ವೆಲ್ಲುಗಳ ನೀರೂ ಹಾಗೇ. ಗೋಡೆಯಿಂದ ಬಿಳಿ ಪುಡಿ ಹೂವಿನಂತೆ ಹೊರಬಂದಿದ್ದರೆ ನೀರು ಹಾಕಿ ತೊಳೆಯಬೇಡಿ. ಕರಗಿ ಮತ್ತೆ ಒಳಹೋಗುತ್ತದೆ. ಒಣ ಬ್ರಷ್‌ನಿಂದ ಉದುರಿಸಿ ಹೊರಗೆ ಹಾಕಿ. ಹೊಸ ಗಿಲಾವು ಕಲಸಲು ಬೋರಿನ ಸವಳು ನೀರಿನ ಬದಲು ಕುಡಿಯುವ ನೀರನ್ನೇ ಬಳಸಿ. ಉಸುಕನ್ನೂ ಅನುಮಾನದಿಂದಲೇ ನೋಡಿ. ಮಣ್ಣು ಬೆರೆತಿದ್ದರೆ ಜಾಲಿಸಿ ತೊಳೆಸಬೇಕು.

ತೇವ ಎಲ್ಲಿಂದ ಬರುತ್ತಿದೆ ಎಂದು ತಿಳಿಯಲು ಖರ್ಚಿಲ್ಲದ ಉಪಾಯವೊಂದಿದೆ. ಎರಡು ಫೂಟು ಉದ್ದಗಲದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪು ಅಂಟಿಸಿ ಗೋಡೆಗೆ ಬಿಗಿದು ಒಂದೆರಡು ದಿನ ಬಿಡಿ. ಹಾಳೆಯ ಒಳಮೈಗೆ ಹನಿ ಕಟ್ಟಿದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ. ಹಳೆಯ ಕಬ್ಬಿಣದ ಪೈಪು ಸೋರುತ್ತಿರಬಹುದು. ಗೋಡೆ ಮುಚ್ಚುವ ಮೊದಲು ಪೈಪು ಬದಲಿಸಿ, ಬಾಯಿ ಬಂದ್ ಮಾಡಿ, ಒತ್ತಡ ಕೊಟ್ಟು ಪರೀಕ್ಷೆ ಮಾಡಿಸಿ. ಪ್ಲಂಬರ್ "ಏನೂ ಆಗೂದಿಲ್ರಿ" ಎಂದರೂ ಬಿಡಬೇಡಿ.

ಗಿಲಾವಿಗೆ ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಉಸುಕು, ದಪ್ಪ 12ರಿಂದ 15 ಮಿಲಿಮೀಟರ್. ತಗ್ಗು ಹೆಚ್ಚಿದ್ದು 20 ಮಿಲಿಮೀಟರ್ ದಾಟುವುದಾದರೆ ಒಂದೇ ಸಲ ಮೆತ್ತದೆ ಎರಡು ಪದರವಾಗಿ ಹಾಕಿ. ಇಟ್ಟಿಗೆಯೂ ಕಲ್ಲೂ ಕೂಡುವಲ್ಲಿ, ಪೈಪಿಗೆ ಕೊರೆದ ತೋಡಿನ ಮೇಲೆ ತಂತಿಯ ಜಾಳಿಗೆ ಬಡಿದರೆ ಬಿರುಕು ತಡೆಯುತ್ತದೆ. ಒಳಂಬ ಬಿಟ್ಟು ಗೋಡೆ ನೆಟ್ಟಗಿದೆಯೇ ನೋಡಿ, ಕಾಟಕೋನ ಹಿಡಿದು ಮೂಲೆ ನೋಡಿ. ಆರೂವರೆ ಫೂಟಿನ ಅಲ್ಯೂಮಿನಿಯಂ ಪಟ್ಟಿಯನ್ನು ಅಡ್ಡಡ್ಡ, ಉದ್ದುದ್ದ, ಮೂಲೆಯಿಂದ ಮೂಲೆಗೆ ಒತ್ತಿ ಹಿಡಿದಾಗ ಪಟ್ಟಿಯ ಕೆಳಗೆ 3 ಮಿಲಿಮೀಟರಿಗಿಂತ ಹೆಚ್ಚು ಸಂದು ಕಾಣಬಾರದು. ಮೇಲ್ಮೈಯನ್ನು ಗಾಜಿನಂತೆ ನುಣುಪು ಮಾಡಿಸಬೇಡಿ. ಒರಟಿದ್ದರೇ ಅಂಟು ಹಿಡಿಯುವುದು.

ನಮ್ಮ ಕಡೆ ಮನೆ ದುರಸ್ತಿಗೆ ಎಲ್ಲರೂ ಆರಿಸುವುದು ಬೇಸಿಗೆಯನ್ನೇ. ತೇವ ಆರಲು ಅದು ಒಳ್ಳೆಯ ಕಾಲ, ಗಿಲಾವಿಗೆ ಕೆಟ್ಟ ಕಾಲ. ಏಪ್ರಿಲ್‌ನ ಬಿಸಿಗಾಳಿಗೆ ಸಿಮೆಂಟು ಗಟ್ಟಿಯಾಗುವ ಮೊದಲೇ ಒಣಗಿ ಕೂದಲೆಳೆಯ ಬಿರುಕು ಬಿಡುತ್ತದೆ. ಏಳು ದಿನವಾದರೂ ಬೆಳಿಗ್ಗೆ ಸಂಜೆ ನೀರು ಹೊಡೆಯಬೇಕು, ಕಿಟಕಿಗೆ ಒದ್ದೆ ಗೋಣಿಚೀಲ ಇಳಿಬಿಡಬೇಕು. ಆಮೇಲೆ ಎರಡು ಮೂರು ವಾರ ಆರಲು ಬಿಡಿ. ಮದುವೆ ದಿನ ಗೊತ್ತುಮಾಡಿಕೊಂಡು ಬಚ್ಚಲ ಕೆಲಸಕ್ಕೆ ಇಳಿದವರು ಗಡಿಬಿಡಿ ಮಾಡುವುದು ಇಲ್ಲಿಯೇ.

ನೀರು ಬೀಳುವ ಗೋಡೆಗೆ ಆರು ಫೂಟಿನವರೆಗೆ, ನೆಲಕ್ಕೆ ಪೂರ್ತಿಯಾಗಿ ವಾಟರ್‌ಪ್ರೂಫಿಂಗ್ ಲೇಪ ಎರಡು ಸಲ ಬಳಿಯಿರಿ. ಮೊದಲನೆಯದು ಅಡ್ಡ, ಅದು ಒಣಗಿದ ಮೇಲೆ ಎರಡನೆಯದು ಉದ್ದ. ಗೋಡೆ ನೆಲ ಕೂಡುವ ಮೂಲೆಗೆ ಟೇಪು ಹಾಕುವುದನ್ನು ಮರೆಯಬೇಡಿ, ಸೋರಿಕೆ ಹೆಚ್ಚಾಗಿ ಶುರುವಾಗುವುದು ಅಲ್ಲಿಂದಲೇ. ನೀರು ಹೊರಹೋಗುವ ನಾನಿ ಟ್ರ್ಯಾಪ್‌ನ ಬಾಯಿ ಮುಚ್ಚಿ ನೆಲದಲ್ಲಿ ಒಂದು ದಿನ ನೀರು ನಿಲ್ಲಿಸಿ, ಮಟ್ಟ ಇಳಿಯಿತೇ ನೋಡಿ.

ಅಂಟಿನ ಬಗ್ಗೆ ಒಂದು ಮಾತು. ಸೆರಾಮಿಕ್ ಟೈಲ್ಸ್ ನೀರು ಕುಡಿಯುತ್ತದೆ, ನೆನೆಹಾಕಿ ಸಿಮೆಂಟಿನಲ್ಲಿ ಕೂರಿಸಬಹುದು. ವಿಟ್ರಿಫೈಡ್ ಟೈಲ್ಸ್ ನೀರನ್ನು ಕುಡಿಯುವುದೇ ಇಲ್ಲವೆನ್ನಬಹುದು, ಬರೀ ಸಿಮೆಂಟ್ ಹಾಲು ಅದನ್ನು ಹಿಡಿಯದು. ಅದಕ್ಕೆ ಟೈಲ್ಸ್ ಅಂಟೇ ಬೇಕು. ಚೀಲದ ಮೇಲೆ ಐಎಸ್ 15477 ಎಂಬ ಗುರುತಿದೆಯೇ, ನಿಮ್ಮ ಟೈಲ್ಸಿಗೆ ಯಾವ ಟೈಪ್ ಹೊಂದುತ್ತದೆ ಎಂದು ಕೇಳಿ ತನ್ನಿ.

ಮೊದಲ ಸಾಲನ್ನು ನೆಲದಿಂದ ಶುರುಮಾಡಬೇಡಿ. ಬಚ್ಚಲ ನೆಲ ಟ್ರ್ಯಾಪಿನ ಕಡೆ ಇಳಿಜಾರಾಗಿರುತ್ತದೆ, ಅದನ್ನು ನಂಬಿ ಜೋಡಿಸಿದರೆ ಸಾಲು ಓರೆಯಾಗುತ್ತದೆ. ನೀರು ತುಂಬಿದ ಮಟ್ಟದ ಪೈಪು ಹಿಡಿದು ಮಟ್ಟ ನೋಡಿ, ನೆಲದ ಮೇಲೆ ಒಂದು ಟೈಲ್ಸಿನಷ್ಟು ಬಿಟ್ಟು ಗೆರೆ ಎಳೆದು, ಅಲ್ಲಿ ಕಟ್ಟಿಗೆಯ ಪಟ್ಟಿ ಬಡಿದು ಎರಡನೆಯ ಸಾಲನ್ನು ಅದರ ಮೇಲೆ ಕೂರಿಸಿ. ಕೆಳಗಿನ ಸಾಲು ನೆಲದ ಕೆಲಸ ಮುಗಿದ ಮೇಲೆ, ಇಳಿಜಾರಿಗೆ ತಕ್ಕಂತೆ ಕತ್ತರಿಸಿ ಹಾಕುವಂಥದ್ದು.