ಹಾಲಿವುಡ್‌ನಲ್ಲಿ ‘ಪಾಸ್’ ಅಂದ್ರೆ ಫೇಲು!



ಯುಗಾದಿ ಊಟದ ಸಾಲಿನಲ್ಲಿ ನಿಂತಾಗ ನಾಲ್ಕೈದು ಮಂದಿ ಕೇಳಿದರು, “ನಿಮ್ಮನೇಲಿದ್ದ ಆ ಸಿನಿಮಾ ಹುಡುಗಿಗೆ ಇಂಟರ್ನ್‌ಶಿಪ್ ಹೇಗೆ ಸಿಕ್ತು?” ನಮ್ಮ ಸಂಘದ ಮಕ್ಕಳಲ್ಲೂ ಈಗ ಕಂಪ್ಯೂಟರ್ ಬೇಡ, ಕ್ಯಾಮೆರಾ ಬೇಕು ಅನ್ನುವವರು ಹುಟ್ಟಿಕೊಂಡಿದ್ದಾರೆ. ಹೋಳಿಗೆ ತಟ್ಟೆ ಹಿಡಿದು ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಹುಡುಗಿ ನನ್ನ ಅಕ್ಕನ ಮಗಳು. ಮೈಸೂರಿನವಳು, ಚಿಕಾಗೋದಲ್ಲಿ ಸಿನಿಮಾ ಎಂ.ಎ. ಓದುತ್ತಿದ್ದಳು. 2024ರ ಬೇಸಿಗೆಗೆ ಲಾಸ್ ಏಂಜಲೀಸ್‌ನ ಒಂದು ಪುಟ್ಟ ನಿರ್ಮಾಣ ಸಂಸ್ಥೆ ಅವಳನ್ನು ಆರಿಸಿತು, ಸಂಬಳ ಇಲ್ಲ ಎಂಬ ಷರತ್ತಿನ ಮೇಲೆ. ಹಿಂದಿನ ವರ್ಷವಷ್ಟೇ ಬರಹಗಾರರ ಮುಷ್ಕರ, ಅದರ ಹಿಂದೆಯೇ ನಟರ ಮುಷ್ಕರ ಮುಗಿದಿತ್ತು. ಊರಲ್ಲಿ ಕೆಲಸವೇ ಕಮ್ಮಿ, ಸಿಕ್ಕಿದ್ದೇ ಪುಣ್ಯ ಅಂದುಕೊಂಡೆವು. ಅಷ್ಟರಲ್ಲಿ ಅವರ ಫೋನ್ ಬಂತು: “ಸೋಮವಾರದಿಂದಲೇ ಬಾ, ಕಾಗದ ಪತ್ರ ಆಮೇಲೆ ನೋಡೋಣ.” ಅಕ್ಕ ಮೈಸೂರಿನಿಂದ, “ದುಡ್ಡೇ ಕೊಡಲ್ಲ ಅಂದ ಮೇಲೆ ಅದು ಕೆಲಸ ಹೇಗಾಗುತ್ತೆ? ಹೋಗಲಿ ಬಿಡೋ” ಅಂದಳು.

ನಾನು ಬೇಡ ಅಂದೆ. ನಾನೂ ಎಫ್-1 ವೀಸಾದಲ್ಲೇ ಬಂದವನು, ಈ ಬಿಸಿ ಗೊತ್ತು. ಎಫ್-1 ವಿದ್ಯಾರ್ಥಿ ಕಾಲೇಜಿನ ಹೊರಗೆ ಇಂಟರ್ನ್‌ಶಿಪ್ ಮಾಡಲು ಸಾಮಾನ್ಯವಾಗಿ ಸಿಪಿಟಿ ಎಂಬ ಅನುಮತಿ ಬೇಕು. ಅದು ಸಿಗಬೇಕಾದರೆ ಸಾಧಾರಣವಾಗಿ ಒಂದು ಶೈಕ್ಷಣಿಕ ವರ್ಷ ಓದಿರಬೇಕು, ಇಂಟರ್ನ್‌ಶಿಪ್ ಪಠ್ಯಕ್ರಮದ ಭಾಗವಾಗಿರಬೇಕು. ಕಂಪನಿಯ ಹೆಸರು, ತಾರೀಖು, ಪೂರ್ಣಾವಧಿಯೋ ಅರೆಕಾಲಿಕವೋ ಎಂಬುದು ಐ-20 ಪತ್ರದಲ್ಲಿ ನಮೂದಾಗಬೇಕು. ಸಂಬಳವಿಲ್ಲದ್ದಕ್ಕೂ ಇದು ಬೇಡ ಎಂದು ನಾವೇ ತೀರ್ಮಾನಿಸುವಂತಿಲ್ಲ, ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯನ್ನೇ ಕೇಳಬೇಕು. ಅವಳ ಕಚೇರಿ ಬೇಕೇ ಬೇಕು ಅಂದಿತು. ಮುಖ್ಯ ವಿಷಯ, ಸಿಪಿಟಿಯನ್ನು ಹಿಂದಿನ ತಾರೀಖಿಗೆ ಕೊಡುವುದಿಲ್ಲ. ಮೊದಲು ಶುರು ಮಾಡಿ ಆಮೇಲೆ ಸರಿಪಡಿಸುತ್ತೇನೆ ಅಂದರೆ ವೀಸಾ ಸ್ಥಿತಿಗೇ ಕುತ್ತು.

ಹುಡುಗಿ ಎರಡು ವಾರ ಸಮಯ ಕೇಳಿದಳು. ಆ ಜಾಗ ಬೇರೊಬ್ಬ ಹುಡುಗನಿಗೆ ಹೋಯಿತು. ರಾತ್ರಿಯಿಡೀ ಅತ್ತಳು. ನನ್ನ ಹೆಂಡತಿ “ನಿಮ್ಮ ರೂಲ್ಸು ನಿಮ್ಮ ಹತ್ರಾನೇ ಇಟ್ಕೊಳ್ಳಿ” ಎಂದು ನನ್ನ ಮೇಲೇ ರೇಗಿದಳು. ಮೂರು ವಾರದ ಮೇಲೆ ಕಲ್ವರ್ ಸಿಟಿಯಲ್ಲಿ ಇನ್ನೊಂದು ಕಡೆ ಸಿಕ್ಕಿತು, ಇದೂ ಬಿಟ್ಟಿ. ಐ-20 ಕೈಗೆ ಬಂದ ಮೇಲೆಯೇ ಹೋದಳು.

ಬಿಟ್ಟಿ ದುಡಿಸಿಕೊಳ್ಳುವುದು ಕಾನೂನುಬದ್ಧವೇ? ಇದಕ್ಕೊಂದು ಸ್ವಾರಸ್ಯದ ಮೊಕದ್ದಮೆ ಇದೆ. 2010ರ ‘ಬ್ಲ್ಯಾಕ್ ಸ್ವಾನ್’ ಚಿತ್ರದಲ್ಲಿ ಸಂಬಳವಿಲ್ಲದೆ ದುಡಿದ ಇಂಟರ್ನ್‌ಗಳು 2011ರಲ್ಲಿ ನ್ಯೂಯಾರ್ಕಿನಲ್ಲಿ ದಾವೆ ಹೂಡಿದರು. 2013ರಲ್ಲಿ ಗೆದ್ದರು. 2015ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ಬದಿಗಿಟ್ಟು, ಇದರಿಂದ ಮುಖ್ಯವಾಗಿ ಲಾಭ ಯಾರಿಗೆ, ವಿದ್ಯಾರ್ಥಿಗೋ ಕಂಪನಿಗೋ ಎಂಬ ಅಳತೆಗೋಲು ಕೊಟ್ಟಿತು. 2018ರಲ್ಲಿ ಕಾರ್ಮಿಕ ಇಲಾಖೆಯೂ ಅದನ್ನೇ ಒಪ್ಪಿತು. ಇಂದು ದೊಡ್ಡ ಸ್ಟುಡಿಯೋಗಳು ಬಹುತೇಕ ಗಂಟೆ ಲೆಕ್ಕದಲ್ಲಿ ಸಂಬಳ ಕೊಡುತ್ತವೆ. ಸಣ್ಣವರು ಹಲವರು ಸಂಬಳದ ಬದಲು ಕಾಲೇಜಿನ ಕ್ರೆಡಿಟ್ ಪತ್ರ ಕೇಳುತ್ತಾರೆ. ಕ್ರೆಡಿಟ್ ಬೇಕೆಂದರೆ ಕಾಲೇಜಿಗೆ ಬೇಸಿಗೆ ಶುಲ್ಕ ಕಟ್ಟಬೇಕು. ಅಂದರೆ ಕೈಯಿಂದ ದುಡ್ಡು ಹಾಕಿ ಬಿಟ್ಟಿ ದುಡಿಯುವುದು! ಇಲ್ಲೇ ಹುಟ್ಟಿದ ನಮ್ಮ ಮಕ್ಕಳಿಗೆ ವೀಸಾ ಚಿಂತೆ ಇಲ್ಲದಿದ್ದರೂ ಈ ಖರ್ಚು ತಪ್ಪಿದ್ದಲ್ಲ. ಹೆಣ್ಣುಮಕ್ಕಳ ತಂದೆತಾಯಿಗೆ ಒಂದು ಮಾತು: ಕ್ಯಾಲಿಫೋರ್ನಿಯಾದಲ್ಲಿ ಕಿರುಕುಳದ ವಿರುದ್ಧದ ಕಾನೂನು 2015ರಿಂದ ಸಂಬಳವಿಲ್ಲದ ಇಂಟರ್ನ್‌ಗಳಿಗೂ ಅನ್ವಯಿಸುತ್ತದೆ.

ಇನ್ನು ಹಾಲಿವುಡ್ ಹಾಲಿವುಡ್‌ನಲ್ಲಿ ಇಲ್ಲ. ನಮ್ಮ ಗಾಂಧಿನಗರದ ಥರ, ಹೆಸರು ಒಂದು ಕಡೆ, ಶೂಟಿಂಗ್ ಕಂಠೀರವ ಸ್ಟುಡಿಯೋದಲ್ಲಿ. ವಾರ್ನರ್, ಡಿಸ್ನಿ ಬರ್ಬ್ಯಾಂಕ್‌ನಲ್ಲಿ, ಸೋನಿ ಕಲ್ವರ್ ಸಿಟಿಯಲ್ಲಿ. ಹಾಲಿವುಡ್‌ನಲ್ಲೇ ಉಳಿದ ಹಳೇ ದೊಡ್ಡ ಸ್ಟುಡಿಯೋ ಪ್ಯಾರಾಮೌಂಟ್ ಒಂದೇ. ನಮ್ಮ ಮನೆ ಅರ್ವೈನ್‌ನಲ್ಲಿ. ಅವಳು ಮೆಟ್ರೋಲಿಂಕ್ ಹತ್ತಿ ಯೂನಿಯನ್ ಸ್ಟೇಷನ್, ಅಲ್ಲಿಂದ ಎರಡು ಮೆಟ್ರೋ ಬದಲಿಸಿ ಹೋಗಬೇಕಿತ್ತು. ವಾರಕ್ಕೆ ಮೂರೇ ದಿನ ಕರೆದದ್ದು ನಮ್ಮ ಪುಣ್ಯ.

ಅಲ್ಲಿ ಏನು ಕೆಲಸ? ಕಾಫಿ ತರುವುದು ಇದ್ದೇ ಇದೆ. ಅಸಲಿ ಕೆಲಸ ಅಂದರೆ ‘ಕವರೇಜ್’. ಬಂದು ಬಿದ್ದ ಚಿತ್ರಕಥೆಗಳನ್ನೆಲ್ಲ ನಿರ್ಮಾಪಕರು ಓದುವುದಿಲ್ಲ, ಇಂಟರ್ನ್ ಓದುತ್ತಾಳೆ. ಚಿತ್ರಕಥೆ ನೂರು-ನೂರಿಪ್ಪತ್ತು ಪುಟ, ಪುಟಕ್ಕೆ ಸುಮಾರು ಒಂದು ನಿಮಿಷದ ಸಿನಿಮಾ. ಓದಿ ಮೂರ್ನಾಲ್ಕು ಪುಟದ ವರದಿ ಬರೆಯಬೇಕು: ಒಂದೆರಡು ವಾಕ್ಯದಲ್ಲಿ ಕಥೆಯ ತಿರುಳು, ನಂತರ ಸಾರಾಂಶ, ನಂತರ ಅಭಿಪ್ರಾಯ. ನಮ್ಮ ಕೋಡ್ ರಿವ್ಯೂ ಇದ್ದಹಾಗೆ. ಕೊನೆಗೆ ತೀರ್ಪು: ರೆಕಮೆಂಡ್, ಕನ್ಸಿಡರ್ ಅಥವಾ ಪಾಸ್. ಹೆಚ್ಚಿನವಕ್ಕೆ ಪಾಸ್, ಅಂದರೆ ಬೇಡ. ಇದನ್ನು ಕೇಳಿ ಅಕ್ಕ, “ಎಲ್ಲರಿಗೂ ಪಾಸ್ ಮಾಡ್ತಾಳಂತೆ, ಒಳ್ಳೆ ಮನಸ್ಸು” ಅಂದಿದ್ದಳು! ಮೊದಲ ವಾರ ಹುಡುಗಿಗೆ ಆ ಪದ ಬರೆಯಲು ಕೈಯೇ ಬರುತ್ತಿರಲಿಲ್ಲ. ಯಾರೋ ವರ್ಷಗಟ್ಟಲೆ ಕೂತು ಬರೆದದ್ದು, ನಾನು ಒಂದು ಮಧ್ಯಾಹ್ನದಲ್ಲಿ ತಳ್ಳಿಬಿಡುವುದೇ ಎಂದು ರಾತ್ರಿ ಎರಡನೇ ಸಲ ಓದುತ್ತಿದ್ದಳು.

ಡಿಗ್ರಿಯ ನಂತರದ ಲೆಕ್ಕವೂ ಇದೆ. ಪೂರ್ಣಾವಧಿ ಸಿಪಿಟಿ 12 ತಿಂಗಳಾದರೆ ಆ ಡಿಗ್ರಿಯ ಓಪಿಟಿ ಕೈತಪ್ಪುತ್ತದೆ. ಇಂಜಿನಿಯರುಗಳಾದ ನಮಗೆ ಓಪಿಟಿಯ 12 ತಿಂಗಳ ಮೇಲೆ 24 ತಿಂಗಳ ವಿಸ್ತರಣೆ ಸಿಗುತ್ತಿತ್ತು, ಅವಳ ಡಿಗ್ರಿಗೆ ಆ 12 ತಿಂಗಳೇ ಗತಿ. ಅದರಲ್ಲೂ ಒಟ್ಟು 90 ದಿನಕ್ಕಿಂತ ಹೆಚ್ಚು ಖಾಲಿ ಕೂರುವಂತಿಲ್ಲ. ಸಿನಿಮಾ ಕೆಲಸ ವಾರಗಳ ಲೆಕ್ಕದ್ದು, ಹಾಗಾಗಿ ಕ್ಯಾಲೆಂಡರ್ ಮುಂದಿಟ್ಟುಕೊಂಡೇ ಕೆಲಸ ಹುಡುಕಬೇಕು.

ಹೊರಡುವ ಮುನ್ನ, ರಾಜ್ಯೋತ್ಸವಕ್ಕೆಂದು ನಾನು ಬರೆದಿದ್ದ ನಾಟಕ ಅವಳ ಕೈಗಿಟ್ಟೆ. ಎರಡು ದಿನದಲ್ಲಿ ಶಿಸ್ತಾಗಿ ಮೂರು ಪುಟದ ಕವರೇಜ್ ಬಂತು. ‘ಎಲ್ಲ ಪಾತ್ರಗಳೂ ಲೇಖಕರ ಹಾಗೆಯೇ ಮಾತಾಡುತ್ತವೆ, ಅಡುಗೆಯವನು ಕೂಡ’ ಎಂದಿತ್ತು. ಕೆಳಗೆ ದಪ್ಪಕ್ಷರದಲ್ಲಿ: ಪಾಸ್.